ಎರ್ಫುರ್ಟಿನ ಗೋದಾಮಿನಲ್ಲಿ ಒಂದು ‘ಆಯ್ತು’

ಎರ್ಫುರ್ಟ್ ಎಂಬ ಊರಿಗೆ ನಾನು ಇದುವರೆಗೂ ಕಾಲಿಟ್ಟಿಲ್ಲ. ಆದರೂ ಅಲ್ಲಿನ ಒಂದು ಹಳೇ ಗೋದಾಮಿನ ಮೇಲಂತಸ್ತಿನಲ್ಲಿ ಯಾವ ಹಲಗೆ ಕಿರುಗುಡುತ್ತದೆ, ಯಾವ ಕಿಟಕಿಯ ಅಗುಳಿ ಸಡಿಲ, ಮಧ್ಯಾಹ್ನದ ಬಿಸಿಲು ಯಾವ ಕಂಬದ ತನಕ ಬಂದು ನಿಲ್ಲುತ್ತದೆ ಎಂಬುದೆಲ್ಲ ನನಗೆ ಗೊತ್ತು. ಕೋವಿಡ್‌ನ ಮೊದಲ ಚಳಿಗಾಲವನ್ನು ನಾನು ಕಳೆದದ್ದು ಆ ಕೋಣೆಯಲ್ಲೇ. ದೇಹ ಮಾತ್ರ ನಾರ್ತ್ ಕ್ಯಾರೊಲೈನಾದ ಮಾರಿಸ್‌ವಿಲ್‌ನಲ್ಲಿತ್ತು, ನಮ್ಮ ಟೌನ್‌ಹೌಸಿನ ಮಹಡಿಯಲ್ಲಿ, ವಾಷಿಂಗ್ ಮೆಷಿನ್ ಪಕ್ಕ ತುರುಕಿಟ್ಟ ಒಂದು ಸಣ್ಣ ಮೇಜಿನ ಮುಂದೆ.

ಕೆಲಸ ಇಷ್ಟು. ಎರ್ಫುರ್ಟ್ ಜರ್ಮನಿಯ ನಡುಮಧ್ಯದಲ್ಲಿರುವ ಪುರಾತನ ಊರು. ಅಲ್ಲಿನ ಒಂದು ಚರ್ಚಿನ ಪೂಜಾಪೀಠಕ್ಕೆ ಮರದ ಬಾಗಿಲುಗಳಿವೆ. ಬಾಗಿಲಿನ ಮೇಲೆ ಶತಮಾನಗಳ ಹಿಂದೆ ಬರೆದ ಚಿತ್ರಗಳು. ಆ ಮರಕ್ಕೆ ಕುಟ್ಟೆ ಹುಳು ಹಿಡಿದು, ಬಾಗಿಲುಗಳನ್ನು ಬಿಚ್ಚಿ ಗೋದಾಮಿಗೆ ತಂದಿದ್ದರು. ವಿಷ ಹೊಡೆದರೆ ಬಣ್ಣ ಕೆಡುತ್ತದೆ, ಬಿಟ್ಟರೆ ಮರ ಪುಡಿಯಾಗುತ್ತದೆ. ಇಂಥದ್ದಕ್ಕೆ ಈಗಿರುವ ಉಪಾಯವೆಂದರೆ ಉಸಿರು ಕಟ್ಟಿಸುವುದು. ಬಾಗಿಲನ್ನು ಗಾಳಿಯಾಡದ ಹಾಳೆಯ ಗುಡಾರದೊಳಗೆ ಮುಚ್ಚಿ, ಒಳಗಿನ ಗಾಳಿಯನ್ನು ಹೊರದಬ್ಬಿ, ನೈಟ್ರೋಜನ್ ತುಂಬಿ, ಕೋಣೆಯನ್ನು ಬೆಚ್ಚಗಿಟ್ಟು ಕೆಲವು ವಾರ ಬಿಡಬೇಕು. ಮರದ ಒಳಗೆ ಎಷ್ಟು ಆಳಕ್ಕೆ ಕೊರೆದು ಕೂತಿದ್ದರೂ ಹುಳು ಸಾಯುತ್ತದೆ.

ತೊಡಕು ಒಂದೇ. ನೈಟ್ರೋಜನ್ ಸಿಲಿಂಡರಿನಿಂದ ಬರುವಾಗ ಅದರಲ್ಲಿ ತೇವದ ಲವಲೇಶವೂ ಇರುವುದಿಲ್ಲ. ಅದನ್ನು ಹಾಗೇ ಬಿಟ್ಟರೆ ಮರದ ತೇವವನ್ನು ಹೀರಿಬಿಡುತ್ತದೆ. ಮರ ಕುಗ್ಗುತ್ತದೆ, ಮೇಲಿನ ಬಣ್ಣ ಕುಗ್ಗುವುದಿಲ್ಲ, ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಅದಕ್ಕೇ ನಮ್ಮ ಮೆಷಿನ್. ಅದರಲ್ಲಿ ಗ್ಯಾಸು ಎರಡು ದಾರಿಯಾಗಿ ಒಡೆಯುತ್ತದೆ. ಒಂದು ಒಣ ಲೈನು, ನೇರ ಹೋಗುತ್ತದೆ. ಇನ್ನೊಂದು ಒದ್ದೆ ಲೈನು, ನೀರಿನ ಬಾಟಲಿಯೊಳಗೆ ಗುಳುಗುಳು ಹಾಯ್ದು ಹೋಗುತ್ತದೆ. ಎರಡನ್ನೂ ಹದವಾಗಿ ಬೆರೆಸಿ ಗುಡಾರದ ತೇವಾಂಶವನ್ನು ಶೇಕಡಾ ಐವತ್ತರ ಆಸುಪಾಸಿನಲ್ಲಿ ಹಿಡಿದಿಡಬೇಕು. ಆ ಬೆರೆಸುವ ಭಾಗವನ್ನು ವಿನ್ಯಾಸ ಮಾಡಿದವಳು ನಾನು. ಸಂಕೋಚವಿಲ್ಲದೆ ಹೇಳುತ್ತೇನೆ, ಚೆನ್ನಾಗಿಯೇ ಮಾಡಿದ್ದೆ.

ಮೆಷಿನ್ ಜೊತೆ ನಾನೂ ಹೋಗುವುದೆಂದು ಮೊದಲಿನಿಂದ ಮಾತಾಗಿತ್ತು. ಆದರೆ ಆ ವರ್ಷ ಯಾವ ಬಾಗಿಲೂ ತೆರೆದಿರಲಿಲ್ಲ. ನನ್ನ ಪಾಸ್‌ಪೋರ್ಟಿನ ವೀಸಾ ಸ್ಟಾಂಪ್ ಮುಗಿದಿತ್ತು, ಎಕ್ಸ್‌ಟೆನ್ಷನ್ ಅರ್ಜಿ ಎಲ್ಲೋ ಬಿದ್ದಿತ್ತು, ಕಾನ್ಸುಲೇಟುಗಳು ಮುಚ್ಚಿದ್ದವು. ವಕೀಲರು ಫೋನಿನಲ್ಲಿ ಒಂದೇ ಮಾತು ಹೇಳಿದರು: ಹೋಗಬಹುದೇನೋ, ವಾಪಸ್ ಬರುವ ಭರವಸೆ ಕೊಡಲಾರೆ. ಹಾಗಾಗಿ ಮೆಷಿನ್ ಒಂದೇ ಹೋಯಿತು. ನಮ್ಮ ಮನೆ ಏರ್‌ಪೋರ್ಟಿಗೆ ಹತ್ತಿರ. ಇದ್ದಬದ್ದ ವಿಮಾನಗಳೆಲ್ಲ ನಮ್ಮ ಛಾವಣಿಯ ಮೇಲೇ ಹಾರುತ್ತಿದ್ದವು. ನಾನು ಕಟ್ಟಿದ್ದು ಹಾರಿಹೋಯಿತು, ನಾನು ಕೆಳಗೇ ಉಳಿದೆ.

ಅಲ್ಲಿ ನನ್ನ ಕೈ ಕಾಲುಗಳಾಗಿ ಕಂಪನಿ ಒಬ್ಬ ಸೈಟ್ ಎಂಜಿನಿಯರನ್ನು ಗೊತ್ತು ಮಾಡಿತ್ತು. ಜರ್ಮನಿಯಲ್ಲೇ ಎಂ.ಎಸ್. ಮುಗಿಸಿ ಎರ್ಫುರ್ಟಿನಲ್ಲಿ ನೆಲೆಸಿದ್ದ ಹುಡುಗಿ. ಮೊದಲ ಎರಡು ಕಾಲ್‌ಗಳಲ್ಲಿ ನಾವಿಬ್ಬರೂ ಬಿಗಿಯಾದ ಇಂಗ್ಲಿಷಿನಲ್ಲಿ ಮಾತಾಡಿದೆವು. ಮೂರನೆಯದರಲ್ಲಿ ಅವಳ ಕೈಯಿಂದ ಸ್ಪ್ಯಾನರ್ ಜಾರಿ ಕಾಲ ಮೇಲೆ ಬಿತ್ತು. “ಅಯ್ಯಮ್ಮಾ” ಎಂದಳು.

“ಪೆಟ್ಟಾಯ್ತಾ?” ಅಂದೆ.

ಬಗ್ಗಿದವಳು ತಟ್ಟನೆ ಕ್ಯಾಮೆರಾ ಕಡೆ ತಿರುಗಿದಳು. ಆಮೇಲೆ, “ಮೇಡಂ, ನೀವು ಕನ್ನಡದೋರಾ? ಎರಡು ವಾರದಿಂದ ನನ್ ಹತ್ರ ಇಂಗ್ಲಿಷ್ ಹೊಡಿಸ್ತಿದೀರಲ್ಲ” ಎಂದಳು. ಮೈಸೂರಿನವಳಂತೆ. ಅವತ್ತಿನಿಂದ ನಾನು ಮೇಡಂ ಹೋಗಿ ಅಕ್ಕ ಆದೆ.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಮ್ಯಾನೇಜರ್, ಇಲ್ಲಿಯವರೇ ಆದ ಅಮೆರಿಕನ್, ದೂರದಿಂದ ಕೆಲಸ ಮಾಡಿಸುವುದಕ್ಕೆ ಒಂದು ಕ್ರಮ ಮಾಡಿದ್ದರು. ನಾನು ಒಂದು ಹೆಜ್ಜೆ ಓದಬೇಕು. ಅವಳು ಅದನ್ನು ಮಾಡಿ, ‘ಕನ್‌ಫರ್ಮ್ಡ್’ ಎನ್ನಬೇಕು. ಆಮೇಲೆ ಮುಂದಿನ ಹೆಜ್ಜೆ. ಕನ್ನಡ ಬಂದ ಮೇಲೆ ಹೆಜ್ಜೆಗಳು ಅವೇ ಇದ್ದವು, ‘ಕನ್‌ಫರ್ಮ್ಡ್’ ಮಾತ್ರ ಸದ್ದಿಲ್ಲದೆ ‘ಆಯ್ತು’ ಆಯಿತು. ಅದು ಬದಲಾದದ್ದು ಇಬ್ಬರ ಗಮನಕ್ಕೂ ಬರಲಿಲ್ಲ.

ಶುರುವಿನಲ್ಲೇ ಗುಡಾರ ಕೈಕೊಟ್ಟಿತು. ಎಷ್ಟು ಗ್ಯಾಸು ಬಿಟ್ಟರೂ ಒಳಗಿನ ಆಕ್ಸಿಜನ್ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತಿತ್ತು, ಕೆಳಗಿಳಿಯುತ್ತಿರಲಿಲ್ಲ. ಎಲ್ಲೋ ತೂತು. ಅಂಚುಗಳನ್ನೆಲ್ಲ ಮತ್ತೆ ಕಾಯಿಸಿ ಅಂಟಿಸಿದಳು, ಮೂಲೆಗಳಿಗೆ ಇನ್ನೊಂದು ಪದರ ಹಾಕಿದಳು, ಪೈಪು ಒಳಹೋಗುವ ಜಾಗಗಳನ್ನು ಬಿಚ್ಚಿ ಕಟ್ಟಿದಳು. ಪ್ರಯೋಜನವಾಗಲಿಲ್ಲ. ನಾನು ಸ್ಕ್ರೀನಿನಲ್ಲಿ ಗ್ರಾಫ್ ನೋಡುತ್ತಾ ಕೂತಿದ್ದೆ. ನನ್ನ ಕೈ ಅಲ್ಲಿದ್ದಿದ್ದರೆ ಅಂಗೈ ಸವರಿಯೇ ಹುಡುಕುತ್ತಿದ್ದೆ ಎನ್ನುವ ಹೊಟ್ಟೆಕಿಚ್ಚು ಬೇರೆ. ಕೊನೆಗೆ ಸಿಕ್ಕಿದ್ದು ನೆಲದ ಹಲಗೆಯಿಂದ ತಲೆಯೆತ್ತಿದ್ದ ಒಂದು ಹಳೇ ಮೊಳೆ, ಗುಡಾರದ ತಳಕ್ಕೆ ಚುಚ್ಚಿತ್ತು. “ಈ ಮೊಳೆ ನಮ್ಮಿಬ್ಬರ್ ವಯಸ್ಸು ಸೇರ್ಸಿದ್ರೂ ದೊಡ್ದು ಅಕ್ಕ, ಬೈಯ್ಬೇಡಿ” ಎಂದಳು. ಕೆಳಗೆ ದಪ್ಪ ಕಂಬಳಿ ಹಾಸಿ ಎಲ್ಲ ಮೊದಲಿಂದ ಕಟ್ಟಿದೆವು. ‘ಕಟ್ಟಿದೆವು’ ಎಂದು ಬರೆಯುವುದು ಅಭ್ಯಾಸ, ಕಟ್ಟಿದವಳು ಅವಳು.

ಆ ದಿನಗಳಲ್ಲಿ ಒಮ್ಮೆ ಕೆಲಸ ಬೇಗ ಮುಗಿಯಿತು. ನನಗೆ ಊರು ತೋರಿಸುತ್ತೇನೆಂದು ಫೋನು ಹಿಡಿದು ಹೊರಟಳು. ಎರ್ಫುರ್ಟಿನಲ್ಲಿ ಒಂದು ಕಲ್ಲಿನ ಸೇತುವೆ ಇದೆ. ಅದರ ಎರಡೂ ಬದಿಗೆ ಒಂದಕ್ಕೊಂದು ತಾಗಿಕೊಂಡು ಮನೆಗಳು, ಕೆಳಗೆ ಅಂಗಡಿಗಳು. ಎಲ್ಲ ಬಾಗಿಲು ಹಾಕಿದ್ದವು. ಅವಳು ನಡುವೆ ನಿಂತು ಫೋನನ್ನು ಸುತ್ತಲೂ ತಿರುಗಿಸಿದಳು. ಹೊಳೆ ಎಲ್ಲಿ ಅಂತ ಕೇಳಿದೆ. ಕಾಲ ಕೆಳಗೇ ಇದೆ, ಆದರೆ ಸೇತುವೆಯ ಮೇಲೆ ನಿಂತವರಿಗೆ ಕಾಣುವುದಿಲ್ಲ, ಎರಡೂ ಕಡೆ ಗೋಡೆಯೇ ಎಂದಳು. ಗೋಡೆಗಳ ನಡುವೆಯೇ ಕೂತಿದ್ದ ನನಗೆ ಅವತ್ತು ಅದು ಬೇರೆಯವರ ಊರಿನ ವಿಶೇಷ ಅನ್ನಿಸಲಿಲ್ಲ.

ಗೋದಾಮಿನ ಕತೆಯನ್ನು ಹೇಳಿದವರು ಅಲ್ಲಿನ ಕನ್ಸರ್ವೇಟರ್, ಹಳೆಯ ಚಿತ್ರಗಳನ್ನು ಜೋಪಾನ ಮಾಡುವುದರಲ್ಲಿ ತಲೆ ನರೆತಿದ್ದ ಜರ್ಮನ್ ಹೆಂಗಸು. ಆ ಚಿತ್ರದ ಮೇಲೆ ಕೊನೆಯ ಮಾತು ಅವರದು. ಒಂದು ಕಾಲಕ್ಕೆ ಎರ್ಫುರ್ಟ್ ಶ್ರೀಮಂತವಾದದ್ದು ಸುತ್ತಲ ಹೊಲಗಳಲ್ಲಿ ಬೆಳೆಯುವ ಒಂದು ಸೊಪ್ಪಿನಿಂದ ತೆಗೆದ ನೀಲಿ ಬಣ್ಣದಿಂದಂತೆ. ಸೊಪ್ಪನ್ನು ಕೊಳೆಸಿ ಒಣಗಿಸಿ ಇಡಲು ಕಟ್ಟಿದ ಗೋದಾಮು ಇದು. ಆಮೇಲೆ ಹಡಗಿನಲ್ಲಿ ಇಂಡಿಯಾದ ನೀಲಿ ಬಂತು, ಇಲ್ಲಿನ ವ್ಯಾಪಾರ ಮುಳುಗಿತು. “ನಿಮ್ಮ ದೇಶದವರು ನಮ್ಮ ನೀಲಿಯನ್ನು ಒಂದು ಸಲ ಹಾಳು ಮಾಡಿದ್ದೀರಿ. ಈ ಚಿತ್ರದಲ್ಲಿ ಮೇರಿ ಮಾತೆಯ ಬಟ್ಟೆಯೂ ನೀಲಿಯೇ. ಸ್ವಲ್ಪ ನೋಡಿಕೊಳ್ಳಿ” ಎಂದರು. ತಮಾಷೆಗೇ ಹೇಳಿದ್ದು. ಆದರೂ ನನ್ನ ಬೆನ್ನು ನೆಟ್ಟಗಾಯಿತು.

ಗುಡಾರ ಗಟ್ಟಿಯಾಯಿತು. ನಿಜವಾಗಿ ಗ್ಯಾಸು ತುಂಬುವ ದಿನ ಬಂತು. ನಮ್ಮಲ್ಲಿ ಬೆಳಗ್ಗೆ, ಅಲ್ಲಿ ಮಧ್ಯಾಹ್ನ. ಮೆಷಿನ್ನಿನ ಮುಖ್ಯ ಗುಂಡಿ ನನ್ನ ಸ್ಕ್ರೀನಿನಲ್ಲಿತ್ತು, ಒದ್ದೆ ಲೈನಿನ ವಾಲ್ವ್ ಮಾತ್ರ ಕೈಯಲ್ಲಿ ತಿರುಗಿಸುವಂಥದ್ದು. ಅದಕ್ಕೆ ಸೆನ್ಸರ್ ಇರಲಿಲ್ಲ, ಮನುಷ್ಯರು ಪಕ್ಕದಲ್ಲೇ ಇರುತ್ತಾರಲ್ಲ ಎಂದು ಇಟ್ಟಿರಲಿಲ್ಲ.

“ಒದ್ದೆ ಲೈನ್ ವಾಲ್ವ್ ತೆಗಿ” ಅಂದೆ.

“ಆಯ್ತು ಅಕ್ಕ.”

ಗ್ಯಾಸು ಬಿಟ್ಟೆ.

ಆಕ್ಸಿಜನ್ ಚೆನ್ನಾಗಿ ಇಳಿಯುತ್ತಿತ್ತು. ತೇವಾಂಶವೂ ಇಳಿಯತೊಡಗಿತು. ಮೊದಲು ಸ್ವಲ್ಪ ಇಳಿಯುವುದು ಸಹಜ, ಕಾದೆ. ನಲವತ್ತೆಂಟು. ನಲವತ್ತೈದು. ಬಾಟಲಿಯ ನೀರು ತಣ್ಣಗಿರಬೇಕು, ಗ್ಯಾಸು ಸಾಕಷ್ಟು ತೇವ ಹೊತ್ತುಕೊಳ್ಳುತ್ತಿಲ್ಲ ಎಂದು ಲೆಕ್ಕ ಹಾಕಿ ಇಲ್ಲಿಂದಲೇ ಬಾಟಲಿಯ ಹೀಟರ್ ಏರಿಸಿದೆ. ನಲವತ್ತೆರಡು. ಇನ್ನಷ್ಟು ಏರಿಸಿದೆ. ನಲವತ್ತರ ಕೆಳಗೆ ಬಂದಾಗ ಲೆಕ್ಕ ಹಾಕುವುದನ್ನು ಬಿಟ್ಟೆ. ಮುಖ್ಯ ಗುಂಡಿ ಆರಿಸಿ ಅವಳಿಗೆ ಫೋನ್ ಮಾಡಿದೆ.

“ಒದ್ದೆ ಲೈನು ಎಷ್ಟು ಸುತ್ತು ತೆಗ್ದಿದೀಯ?”

“ಇನ್ನೂ ತೆಗ್ದಿಲ್ವಲ್ಲ ಅಕ್ಕ.”

“ಆಯ್ತು ಅಂದ್ಯಲ್ಲ.”

“ಹೂಂ, ಅಂದೆ. ಆಯ್ತು, ತೆಗೀತೀನಿ ಅಂತ. ಆಚೆ ಕಡೆ ಕ್ಲಾಂಪ್ ಬಿಗಿ ಮಾಡ್ತಿದ್ದೆ. ಅಷ್ಟರಲ್ಲಿ ಗ್ಯಾಸ್ ಬಿಟ್ಟಿದಾರೆ ಅನ್ನೋ ಕೆಂಪು ದೀಪ ಹತ್ತಿಬಿಡ್ತು. ದೀಪ ಹತ್ತಿದ್ರೆ ರೂಮಲ್ಲಿ ಇರ್ಬಾರ್ದಲ್ಲ, ಹೊರಗ್ ಬಂದೆ. ಮೊದ್ಲು ಒಣಾ ಗ್ಯಾಸೇ ಬಿಡ್ತೀರೇನೋ ಅಂದ್ಕೊಂಡೆ.”

“ಒಂದ್ ಮಾತು ಕೇಳ್ಬಾರ್ದಿತ್ತಾ?”

“ನೀವು ಕಟ್ಟಿದ್ ಮೆಷಿನ್ನು ಅಕ್ಕ. ನಾನೇನಂತ ಕೇಳ್ಲಿ?”

ನಮ್ಮ ಭಾಷೆಯಲ್ಲಿ ಕೆಲಸ ಮುಗಿದರೂ ಆಯ್ತು, ಮಾಡುತ್ತೇನೆ ಎಂದು ಒಪ್ಪಿಕೊಂಡರೂ ಆಯ್ತು. ಮನೆಯಲ್ಲಿ ಇದರಿಂದ ಯಾರಿಗೂ ಏನೂ ತೊಂದರೆಯಾಗಿಲ್ಲ. ದೊಡ್ಡವರು ಹೇಳಿದ್ದಕ್ಕೆ ಆಯ್ತು ಎಂದು ಎದ್ದುಹೋಗುವುದು, ಸಾವಕಾಶವಾಗಿ ಮಾಡುವುದು, ಎಲ್ಲರಿಗೂ ಗೊತ್ತಿರುವ ಕ್ರಮ. ಎದುರಿಗೇ ಇದ್ದಿದ್ದರೆ ಅವಳ ಕೈ ಎಲ್ಲಿದೆ ಎಂದು ನೋಡಿ ಅದು ಯಾವ ಆಯ್ತು ಎಂದು ತಿಳಿಯುತ್ತಿತ್ತು. ಕ್ಯಾಮೆರಾ ಗುಡಾರದ ಕಡೆ ತಿರುಗಿತ್ತು.

“ಈಗ್ಲೇ ಒಳಗೆ ಹೋಗಿ ತೆಗೀತೀನಿ” ಎಂದಳು. ಅವಳ ಹೆಜ್ಜೆಯ ಸದ್ದು ಕೇಳಿಸಿತು, ಆ ಕಿರುಗುಡುವ ಹಲಗೆಯೂ.

“ಮುಟ್ಬೇಡ. ಅಲ್ಲೇ ನಿಲ್ಲು.”

ನಾನು ಕಾಯಿಸಿದ್ದ ನೀರು ನೆನಪಾಗಿತ್ತು. ಬಾಟಲಿಯೊಳಗಿನ ಜಾಗವೆಲ್ಲ ಬಿಸಿ ಆವಿಯಿಂದ ತುಂಬಿರುತ್ತದೆ. ಈಗ ವಾಲ್ವ್ ತೆಗೆದು ಗ್ಯಾಸು ಬಿಟ್ಟರೆ ಅದು ಚಿತ್ರದ ಮೇಲೆ ಹೋಗಿ ಹನಿಗಟ್ಟುತ್ತದೆ. ಒಣಗಿ ಬಿಗಿದ ಬಣ್ಣಕ್ಕೆ ಅದಕ್ಕಿಂತ ಕೆಟ್ಟದ್ದಿಲ್ಲ.

ಮ್ಯಾನೇಜರನ್ನೂ ಕನ್ಸರ್ವೇಟರನ್ನೂ ಕಾಲ್‌ಗೆ ಸೇರಿಸಿಕೊಂಡು ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಮ್ಯಾನೇಜರಿಗೆ ಗಾಬರಿ. ಗುಡಾರವನ್ನು ಕತ್ತರಿಸಿ, ಚಿತ್ರವನ್ನು ಹೊರಗೆ ತೆಗೆಯಿರಿ, ಸಾಕು ಎಂದರು. ಅವರ ಮಾತಿನಲ್ಲಿ ತರ್ಕವಿತ್ತು. ಯಾವುದೇ ಅನಾಹುತವಾದರೆ ಅದು ನಮ್ಮ ಗುಡಾರದೊಳಗೆ ಆಗದಿರಲಿ ಎಂಬುದು ಆ ತರ್ಕ. ನಾನು ಕೋಣೆಯ ತೇವಾಂಶ ಓದಿ ಹೇಳು ಎಂದು ಹುಡುಗಿಯನ್ನು ಕೇಳಿದೆ. ಹುಳು ಸಾಯಲೆಂದು ವಾರದಿಂದ ಹೀಟರ್ ಹಾಕಿ ಬೆಚ್ಚಗಿಟ್ಟಿದ್ದ ಕೋಣೆ ಅದು. ಗುಡಾರದ ಒಳಗಿನದಕ್ಕಿಂತ ಕೋಣೆಯ ಗಾಳಿಯೇ ಹೆಚ್ಚು ಒಣಗಿತ್ತು.

ಗ್ಯಾಸು ಬಿಡುವಂತಿಲ್ಲ, ಒದ್ದೆ ಲೈನು ತೆಗೆಯುವಂತಿಲ್ಲ, ಗುಡಾರ ಕತ್ತರಿಸುವಂತಿಲ್ಲ. ಉಳಿದದ್ದು ಒಂದೇ. ಒಳಹೋಗುವ ಬಾಯಿ, ಹೊರಬರುವ ಬಾಯಿ, ಎರಡನ್ನೂ ಮುಚ್ಚಿ ಸುಮ್ಮನೆ ಬಿಡುವುದು. ಮರದ ಹೊರಮೈ ಒಣಗಿದ್ದರೂ ಒಡಲಲ್ಲಿ ಇನ್ನೂ ತೇವವಿರುತ್ತದೆ. ಮುಚ್ಚಿದ ಜಾಗದಲ್ಲಿ ಅದು ತಾನಾಗಿಯೇ ನಿಧಾನಕ್ಕೆ ಹೊರಮೈಗೂ ಸುತ್ತಲ ಗಾಳಿಗೂ ಮರಳುತ್ತದೆ. ಅಷ್ಟು ದೊಡ್ಡ ಮರ, ಅಷ್ಟು ಸಣ್ಣ ಗುಡಾರ. ಸಮ ಆಗಲೇಬೇಕು.

ನಾನು ತಿಪಟೂರಿನವಳು. ಅಪ್ಪ ಕೊಬ್ಬರಿ ಮಂಡಿಯಲ್ಲಿ ಮೂಟೆ ಹೊರುತ್ತಿದ್ದರು. ಉಂಡೆ ಕೊಬ್ಬರಿ ಮಾಡಲು ತೆಂಗಿನಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಮುಟ್ಟದೆ ಬಿಡುವುದನ್ನು ನೋಡಿ ಬೆಳೆದವಳು. ಈ ಉಪಾಯ ಅಲ್ಲಿಂದ ಹೊಳೆಯಿತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಹಾಗಾಗಲಿಲ್ಲ. ಇದು ನಾನು ಓದಿ ಕಲಿತದ್ದು. ಮರ ಮತ್ತು ತೇವದ ಸಂಬಂಧದ ವಕ್ರರೇಖೆಗಳನ್ನು ಹಗಲಿರುಳು ಬಿಡಿಸಿ, ಪರೀಕ್ಷೆ ಬರೆದು, ನಮ್ಮ ಮನೆಯಲ್ಲಿ ಯಾರೂ ಮೆಟ್ಟಿಲು ಹತ್ತದ ಕಾಲೇಜಿನಲ್ಲಿ ಮಾರ್ಕ್ಸ್ ತೆಗೆದು ಸಂಪಾದಿಸಿದ್ದು. ನನಗೆ ಅದರ ಹೆಮ್ಮೆ ಇದೆ, ಬೇರೆಯದಕ್ಕೆ ಅದರ ಪಾಲು ಕೊಡಲಾರೆ.

ಕನ್ಸರ್ವೇಟರ್ ಒಂದೇ ಪ್ರಶ್ನೆ ಕೇಳಿದರು. “ಚಿತ್ರ ನಿಮ್ಮದಾಗಿದ್ದರೆ ಹೀಗೇ ಮಾಡುತ್ತಿದ್ದಿರಾ?”

“ಹೀಗೇ ಮಾಡುತ್ತಿದ್ದೆ” ಅಂದೆ. ಮ್ಯಾನೇಜರ್ ನಡುವೆ ಬಾಯಿ ಹಾಕಿ, ಇದು ನಿನ್ನ ತೀರ್ಮಾನ ಎಂದು ದಾಖಲಾಗಲಿ ಎಂದರು. ಆಗಲಿ ಅಂದೆ. ಆ ಚಿತ್ರದಲ್ಲಿ ಒಂದು ಚಕ್ಕೆ ಉದುರಿದರೂ ನನ್ನ ಕೆಲಸ ಹೋಗುತ್ತದೆ, ಕೆಲಸದ ಹಿಂದೆ ವೀಸಾ ಹೋಗುತ್ತದೆ ಎಂಬುದು ಕಾಲ್‌ನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಹುಡುಗಿ ಕೊರಳಿಗೆ ಆಕ್ಸಿಜನ್ ಮೀಟರ್ ಸಿಕ್ಕಿಸಿಕೊಂಡು ಒಳಗೆ ಹೋದಳು. ಈ ಸಲ ಒಂದೊಂದು ಮಾತನ್ನೂ ಪೂರ್ತಿ ಆಡಿದಳು. “ಒಳಗಿನ ಬಾಯಿ ಮುಚ್ತಾ ಇದೀನಿ. ಮುಚ್ಚಿದೀನಿ. ಹೊರಗಿನದು ಮುಚ್ತಾ ಇದೀನಿ. ಮುಚ್ಚಿದೀನಿ. ಕೈ ತೆಗ್ದಿದೀನಿ.”

ಆಮೇಲೆ ಮಾಡುವುದಕ್ಕೆ ಏನೂ ಇರಲಿಲ್ಲ. ನನ್ನ ಅನುಭವದಲ್ಲಿ ಅದಕ್ಕಿಂತ ಕಷ್ಟದ ಕೆಲಸ ಇಲ್ಲ. ಅಂಕಿ ಮೂವತ್ತೆಂಟಕ್ಕೆ ಬಂದು ಅಲ್ಲೇ ಕೂತಿತು. ಗುಂಡಿ ನನ್ನ ಬೆರಳಿನ ಹತ್ತಿರವೇ ಇತ್ತು, ಏನಾದರೂ ಒತ್ತಬೇಕೆಂದು ಬೆರಳು ಬೇಡುತ್ತಿತ್ತು. ಕೊನೆಗೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತೆ. ಹಿಂದೆ ವಾಷಿಂಗ್ ಮೆಷಿನ್ ಗಿರಗಿರ ಎನ್ನುತ್ತಿತ್ತು. ಮೇಲೆ ಒಂದು ವಿಮಾನ ಹೋಯಿತು, ಇನ್ನೊಂದು ಹೋಯಿತು. ಅಲ್ಲಿ ಗೋದಾಮಿನಲ್ಲಿ ಅವಳು ಬಾಗಿಲ ಹೊರಗೆ ಕೋಟು ಹೊದ್ದು ಕುಳಿತಿದ್ದಳು. ಇಬ್ಬರೂ ಫೋನ್ ಇಡಲಿಲ್ಲ. ನನ್ನ ಕೋಣೆ, ಅವಳ ಕೋಣೆ, ಬಾಯಿ ಮುಚ್ಚಿದ ಗುಡಾರ, ಗುಡಾರದೊಳಗೆ ಮರ, ಮರದೊಳಗೆ ಹುಳು. ಹೊರಗೆ ಬರುವ ದಾರಿ ಯಾರಿಗೂ ಇರಲಿಲ್ಲ.

ಗುಡಾರಕ್ಕೆ ಒಂದು ಪಾರದರ್ಶಕ ಕಿಂಡಿ ಇತ್ತು. ಮಧ್ಯೆ ಒಮ್ಮೆ ಒಳಗೆ ಹೋಗಿ ಟಾರ್ಚು ಹಾಕಿ ನೋಡಿ ಬಂದಳು.

“ಅಕ್ಕ, ಮೇರಿಯಮ್ಮನ ಸೆರಗಿನ ಅಂಚಲ್ಲಿ ಒಂದು ಚಕ್ಕೆ ಎದ್ದಿರೋ ಹಾಗಿದೆ.”

“ಮೊದ್ಲೇ ಇತ್ತಾ?”

“ಗೊತ್ತಿಲ್ಲ. ಹಾಳೆ ಮೇಲೆ ಬೆಳಕು ಹೊಳೀತಿದೆ. ಇತ್ತು ಅನ್ನೋಕೂ ಆಗ್ತಿಲ್ಲ, ಇರ್ಲಿಲ್ಲ ಅನ್ನೋಕೂ ಆಗ್ತಿಲ್ಲ.”

ಕನ್ಸರ್ವೇಟರ್ ಬಳಿ ಹಳೆಯ ಫೋಟೊಗಳಿದ್ದವು. ಆದರೆ ಕಿಂಡಿಯ ಮೂಲಕ ಹೋಲಿಸಿ ಹೇಳುವಂತಿರಲಿಲ್ಲ. ಗುಡಾರ ಬಿಚ್ಚಿ, ಪಕ್ಕದಿಂದ ಓರೆ ಬೆಳಕು ಹಾಕಿ ನೋಡಿದಾಗಲೇ ಗೊತ್ತಾಗುವುದು. ಬಿಚ್ಚುವುದಕ್ಕೆ ಇನ್ನೂ ವಾರಗಳಿದ್ದವು.

ಅಲ್ಲಿ ಕತ್ತಲಾಗುವ ಹೊತ್ತಿಗೆ ಅಂಕಿ ಮೂವತ್ತೊಂಬತ್ತಾಯಿತು. ಮರುದಿನ ನಾನು ಕಾಫಿ ಹಿಡಿದು ಕೂತಾಗ ನಲವತ್ತೈದಕ್ಕೆ ಹತ್ತಿರ ಬಂದಿತ್ತು. ಯಾರೂ ಮುಟ್ಟಿರಲಿಲ್ಲ. ಬಾಟಲಿಯ ನೀರನ್ನು ಪೂರ್ತಿ ಆರಿಸಿ, ಒದ್ದೆ ಲೈನನ್ನು ಕೂದಲೆಳೆಯಷ್ಟು ತೆಗೆಸಿ, ಇರುವೆ ನಡಿಗೆಯಲ್ಲಿ ಗ್ಯಾಸು ಬಿಡುತ್ತಾ ಹೋದೆವು. ಐವತ್ತಕ್ಕೆ ತರಲು ಬಹಳ ದಿನ ಬೇಕಾಯಿತು. ಆಕ್ಸಿಜನ್ ಕೂಡ ಇಳಿಯಿತು. ಹುಳುಗಳಿಗೆ ನಮ್ಮಿಂದ ಕೆಲವು ದಿನ ಹೆಚ್ಚಿನ ಆಯಸ್ಸು ಸಿಕ್ಕಿತು, ಅಷ್ಟೇ.

ಮ್ಯಾನೇಜರ್ ಇನ್ನು ಮೇಲೆ ಇಂಗ್ಲಿಷ್ ಮಾತ್ರ ಎಂದು ಅಪ್ಪಣೆ ಮಾಡಿದರು. ನಾನು ಒಪ್ಪಲಿಲ್ಲ. ಗಡಿಬಿಡಿಯಲ್ಲಿ ಬಾಯಿಗೆ ಬರುವುದು ಕನ್ನಡವೇ, ಅದನ್ನು ಹೊರಗೆ ಹಾಕಿದರೆ ಕಳ್ಳದಾರಿಯಲ್ಲಿ ಒಳಗೆ ಬರುತ್ತದೆ ಎಂದು ವಿವರಿಸಿದೆ. ಅದರ ಬದಲು ಒಂದು ಪದವನ್ನು ಮಾತ್ರ ಕೆಲಸದ ಹೊತ್ತಿನಲ್ಲಿ ಹೊರಗಿಟ್ಟೆವು. ‘ಮಾಡ್ತೀನಿ’ ಅನ್ನಬೇಕು, ಇಲ್ಲವೇ ‘ಮಾಡಿದೀನಿ’ ಅನ್ನಬೇಕು. ‘ಆಯ್ತು’ ಅಂದವರು ಇನ್ನೊಬ್ಬರಿಗೆ ಮಸಾಲೆ ದೋಸೆ ಕೊಡಿಸಬೇಕು ಎಂದು ಹುಡುಗಿ ಸೇರಿಸಿದಳು. ಎರ್ಫುರ್ಟಿನಲ್ಲಿ ಎಲ್ಲಿ ಸಿಗುತ್ತದೆ ಎಂದು ಕೇಳಿದ್ದಕ್ಕೆ, ಅದಕ್ಕೇ ಧೈರ್ಯವಾಗಿ ಹೇಳಿದ್ದು ಎಂದಳು. ಮುಂದಿನ ಮೆಷಿನ್ನಿಗೆ ಆ ಕೈ ವಾಲ್ವ್ ತೆಗೆದು ಸೆನ್ಸರ್ ಇರುವುದನ್ನು ಹಾಕಿದೆ. ಆದರೂ ಮಾತಿನ ನಿಯಮವನ್ನು ಬಿಡಲಿಲ್ಲ.

ಗುಡಾರ ಬಿಚ್ಚಿದ ದಿನ ನಾನು ಮನೆಯಲ್ಲಿ ಕೂರಲಾರದೆ ಡ್ರೈವ್ ಮಾಡಿಕೊಂಡು ಕ್ರಿಕೆಟ್ ಮೈದಾನದ ಪಾರ್ಕಿಂಗಿಗೆ ಹೋದೆ. ಆಟ ನಿಂತು ಎಷ್ಟೋ ತಿಂಗಳಾಗಿತ್ತು, ಹುಲ್ಲು ಬೆಳೆದಿತ್ತು. ಫೋನನ್ನು ಸ್ಟೀರಿಂಗಿಗೆ ಆನಿಸಿಟ್ಟೆ. ಮ್ಯಾನೇಜರ್ ಅವರ ಮನೆಯಿಂದ ಸೇರಿಕೊಂಡಿದ್ದರು. ಹಾಳೆ ಕತ್ತರಿಸುವ ಸದ್ದು ಕೇಳಿತು. ಕನ್ಸರ್ವೇಟರ್ ಕೈದೀಪವನ್ನು ಹಲಗೆಗೆ ಓರೆಯಾಗಿ ಹಿಡಿದು, ಇನ್ನೊಂದು ಕೈಯಲ್ಲಿ ಹಳೆಯ ಫೋಟೊ ಹಿಡಿದು ಮೇಲಿನಿಂದ ಕೆಳಕ್ಕೆ ನೋಡುತ್ತಾ ಬಂದರು. ಸೆರಗಿನ ಅಂಚಿಗೆ ಬಂದಾಗ ಬಗ್ಗಿದರು. ಫೋಟೊ ನೋಡಿದರು. ಮತ್ತೆ ಬಗ್ಗಿದರು. ಜರ್ಮನ್‌ನಲ್ಲಿ ಏನೋ ಹೇಳಿದರು. ನನಗೆ ಅರ್ಥವಾಗಲಿಲ್ಲ, ಮುಖ ನೋಡಿ ಊಹಿಸೋಣವೆಂದರೆ ಮಾಸ್ಕ್ ಇತ್ತು.

“ಅಕ್ಕ” ಎಂದಳು ಹುಡುಗಿ.

“ಹೇಳು.”

“ಆಯ್ತು.”

ಅವಳಿಗೆ ತಟ್ಟನೆ ಹೊಳೆಯಿತು.

“ಅಯ್ಯೋ, ತಪ್ಪಾಯ್ತು. ನೋಡಿ ಮುಗಿಸಿದಾರೆ ಅಕ್ಕ. ಆ ಚಕ್ಕೆ ಫೋಟೋದಲ್ಲೂ ಇದೆ, ಹಳೇದು. ಏನೂ ಆಗಿಲ್ಲ.”

ಏನು ಹೇಳಿದಳು ಎಂದು ಮ್ಯಾನೇಜರ್ ಕೇಳಿದರು. ಏನೂ ಆಗಿಲ್ಲವಂತೆ ಎಂದು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಅವಳು ಅಷ್ಟುದ್ದ ಮಾತಾಡಿದಳಲ್ಲ, ಇಷ್ಟೇನಾ ಎಂದರು.

ಇಷ್ಟೇ ಅಂದೆ. ಮಾತು ಮುಗಿದ ಮೇಲೂ ಬಹಳ ಹೊತ್ತು ಕಾರು ಸ್ಟಾರ್ಟ್ ಮಾಡಲಿಲ್ಲ. ಹುಡುಗಿಗೆ ಒಂದು ಮೆಸೇಜು ಮಾತ್ರ ಹಾಕಿದೆ: ದೋಸೆ ಬಾಕಿ.